ಲೇಖನಿ ಹಿಡಿದು ಮನೆ ನಡೆಸಿದವಳು

1851ರ ಚಳಿಗಾಲ. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಡೆಡಮ್ ಎಂಬ ಊರಿನ ಗೃಹಸ್ಥರೊಬ್ಬರ ಮನೆಗೆ ಹದಿನೆಂಟು ವರ್ಷದ ತರುಣಿಯೊಬ್ಬಳು ಕೆಲಸಕ್ಕೆ ಸೇರಿದಳು. ಮನೆಯ ಹೆಂಗಸಿಗೆ ಜೊತೆಯಾಗಿರುವುದು, ಬಿಡುವಿನಲ್ಲಿ ಪುಸ್ತಕ ಓದಿ ಹೇಳುವುದು, ಹಗುರವಾದ ಮನೆಗೆಲಸ ಮಾಡುವುದು, ಇಷ್ಟೇ ಅವಳ ಹೊಣೆಯೆಂದು ಮೊದಲು ತಿಳಿಸಲಾಗಿತ್ತು. ದಿನ ಕಳೆದಂತೆ ಸೌದೆ ಒಡೆಯುವುದು, ನೀರು ಹೊತ್ತು ತರುವುದು, ಅಂಗಳದ ಹಿಮವನ್ನು ಗೋರಿ ಹಾಕುವುದು, ಒಲೆಯ ಬೂದಿ ತೆಗೆಯುವುದು ಎಲ್ಲವೂ ಅವಳ ತಲೆಗೇ ಬಂದವು. ಕೊನೆಗೆ ಯಜಮಾನನ ಬೂಟುಗಳಿಗೆ ಬಣ್ಣ ಹಚ್ಚುವ ಕೆಲಸವನ್ನೂ ಹೇಳಿದಾಗ ಅವಳ ಸೈರಣೆ ಮುಗಿಯಿತು. ಏಳು ವಾರಗಳ ದುಡಿಮೆಯ ಬಳಿಕ ಮನೆಗೆ ಹಿಂದಿರುಗುವಾಗ ಅವಳ ಕೈಯಲ್ಲಿದ್ದ ಸಂಬಳ 4 ಡಾಲರು.

ಆ ತರುಣಿಯೇ ಲೂಯಿಸಾ ಮೇ ಆಲ್ಕಾಟ್. ಆಕೆ ಮುಂದೆ ಬರೆದ ‘ಲಿಟಲ್ ವಿಮೆನ್’ ಎಂಬ ಕಾದಂಬರಿಯನ್ನು ಜಗತ್ತಿನ ಅನೇಕ ಭಾಷೆಗಳ ಮಕ್ಕಳು ಓದಿದ್ದಾರೆ. ಆದರೆ ಡೆಡಮ್ ಊರಿನಿಂದ ಆ ಕೃತಿಯವರೆಗಿನ ದಾರಿ ಹದಿನೇಳು ವರ್ಷಗಳಷ್ಟು ಉದ್ದವಾಗಿತ್ತು. ಆ ದಾರಿಯಲ್ಲಿ ಆಕೆ ದಾದಿಯಾದಳು, ದರ್ಜಿಯಾದಳು, ಉಪಾಧ್ಯಾಯಿನಿಯಾದಳು. ಲೇಖನಿಯನ್ನು ಮಾತ್ರ ಕೈಬಿಡಲಿಲ್ಲ.

ಲೂಯಿಸಾ ಹುಟ್ಟಿದ್ದು 1832ರ ನವೆಂಬರ್ 29ರಂದು, ಪೆನ್ಸಿಲ್ವೇನಿಯಾ ರಾಜ್ಯದ ಜರ್ಮನ್‌ಟೌನಿನಲ್ಲಿ. ಆನಾ, ಲೂಯಿಸಾ, ಎಲಿಜಬೆತ್, ಮೇ ಎಂಬ ನಾಲ್ವರು ಹೆಣ್ಣುಮಕ್ಕಳಲ್ಲಿ ಆಕೆ ಎರಡನೆಯವಳು. ತಂದೆ ಬ್ರಾನ್ಸನ್ ಆಲ್ಕಾಟ್ ತತ್ತ್ವಚಿಂತಕ, ಶಿಕ್ಷಣ ಸುಧಾರಕ. ಬೆತ್ತದ ಹೆದರಿಕೆಯಿಂದಲ್ಲ, ಸಂಭಾಷಣೆಯ ಮೂಲಕ ಮಕ್ಕಳಿಗೆ ಕಲಿಸಬೇಕೆಂಬುದು ಆತನ ನಂಬಿಕೆ. ಬಾಸ್ಟನ್ ನಗರದಲ್ಲಿ ಆತ 1834ರಲ್ಲಿ ತೆರೆದ ಶಾಲೆ ಮೊದಲು ಹೆಸರು ಗಳಿಸಿತು. ಆದರೆ ಆತನ ವಿಚಾರಗಳು ಊರಿನವರಿಗೆ ಹಿಡಿಸದಾದುವು. ಮುಂದೆ ನೀಗ್ರೋ ಬಾಲಕಿಯೊಬ್ಬಳನ್ನು ಶಾಲೆಗೆ ಸೇರಿಸಿಕೊಂಡಾಗ ಉಳಿದಿದ್ದ ಪೋಷಕರಲ್ಲಿ ಬಹುಮಂದಿ ತಮ್ಮ ಮಕ್ಕಳನ್ನು ಬಿಡಿಸಿಕೊಂಡು ಹೋದರು. ಶಾಲೆ ಮುಚ್ಚಿತು, ಸಾಲ ಉಳಿಯಿತು. 1840ರಲ್ಲಿ ಸಂಸಾರ ಕಾಂಕರ್ಡ್ ಎಂಬ ಚಿಕ್ಕ ಊರಿಗೆ ಬಂದಿತು. ಅಲ್ಲಿ ಎಮರ್ಸನ್ ಮತ್ತು ಥೋರೋ ಅವರ ನೆರೆಹೊರೆ ದೊರೆಯಿತು. ಥೋರೋ ಬರೆದ ಪ್ರಬಂಧವನ್ನು ಮುಂದೆ ಮಹಾತ್ಮ ಗಾಂಧಿಯವರು ಆದರದಿಂದ ಓದಿದರೆಂಬುದು ನಮಗೆ ತಿಳಿದ ವಿಷಯ. ಆ ಥೋರೋ ಆಲ್ಕಾಟ್ ಮಕ್ಕಳನ್ನು ಕಾಡಿಗೂ ನದಿಗೂ ಕರೆದೊಯ್ದು ಹಕ್ಕಿಗಳನ್ನೂ ಹೂಗಳನ್ನೂ ತೋರಿಸುತ್ತಿದ್ದ. ಎಮರ್ಸನ್ ತನ್ನ ಪುಸ್ತಕ ಭಂಡಾರದ ಬಾಗಿಲನ್ನು ಲೂಯಿಸಾಳಿಗೆ ತೆರೆದಿಟ್ಟ. ಇಂತಹ ಗುರುಗಳ ನಡುವೆ ಬೆಳೆದ ಹುಡುಗಿಗೆ ಹೊಟ್ಟೆತುಂಬ ಊಟ ಮಾತ್ರ ಎಲ್ಲ ದಿನವೂ ಸಿಗುತ್ತಿರಲಿಲ್ಲ.

ಬ್ರಾನ್ಸನ್ ಕೆಟ್ಟವನಲ್ಲ, ಸೋಮಾರಿಯೂ ಅಲ್ಲ. ಆದರೆ ದುಡ್ಡು ಸಂಪಾದಿಸುವ ವಿದ್ಯೆ ಆತನಿಗೆ ಒಲಿಯಲಿಲ್ಲ. 1843ರಲ್ಲಿ ಆತ ಗೆಳೆಯರೊಡನೆ ಸೇರಿ ಫ್ರೂಟ್‌ಲ್ಯಾಂಡ್ಸ್ ಎಂಬ ಹೊಲದಲ್ಲಿ ಒಂದು ಆದರ್ಶ ಸಮಾಜವನ್ನು ಕಟ್ಟಲು ಹೊರಟ. ಅಲ್ಲಿ ಮಾಂಸವಿಲ್ಲ, ಹಾಲಿಲ್ಲ, ಬೆಣ್ಣೆಯಿಲ್ಲ. ಕುರಿಯಿಂದ ಕಿತ್ತುಕೊಂಡದ್ದೆಂದು ಉಣ್ಣೆಯ ಬಟ್ಟೆ ನಿಷಿದ್ಧ. ಗುಲಾಮರ ಬೆವರಿನಿಂದ ಬೆಳೆದದ್ದೆಂದು ಹತ್ತಿಯೂ ನಿಷಿದ್ಧ. ನಾರುಬಟ್ಟೆಯನ್ನು ತೊಟ್ಟು, ಹಣ್ಣು, ಕಾಳು, ನೀರು ಸೇವಿಸಿ ಎಲ್ಲರೂ ಬಾಳತಕ್ಕದ್ದು. ಗಂಡಸರು ಬೋಧನೆಗಾಗಿ ಊರೂರು ತಿರುಗಲು ಹೋಗಿದ್ದಾಗ ಕೊಯ್ದ ಬಾರ್ಲಿಯ ಮೇಲೆ ಬಿರುಗಾಳಿ ಮಳೆ ಕವಿದು ಬಂದಿತು. ತಾಯಿ ಅಬಿಗೇಲ್ ಹೆಣ್ಣುಮಕ್ಕಳನ್ನು ಕಟ್ಟಿಕೊಂಡು ಬುಟ್ಟಿಗಳಲ್ಲಿಯೂ ಬಟ್ಟೆಗಳಲ್ಲಿಯೂ ಕಾಳನ್ನು ತುಂಬಿ ಕಣಜಕ್ಕೆ ಸಾಗಿಸಿದಳು. ಚಳಿಗಾಲ ಬರುವಷ್ಟರಲ್ಲಿ ಆದರ್ಶ ಸಮಾಜ ಚದುರಿಹೋಯಿತು. ಬ್ರಾನ್ಸನ್ ಮನನೊಂದು ಹಾಸಿಗೆ ಹಿಡಿದ. 1844ರ ಜನವರಿಯಲ್ಲಿ ಸಂಸಾರ ಆ ಜಾಗವನ್ನು ಬಿಟ್ಟಿತು. ಹನ್ನೊಂದು ವರ್ಷದ ಲೂಯಿಸಾ ಇದೆಲ್ಲವನ್ನೂ ಕಣ್ಣಾರೆ ಕಂಡಳು. ಹತ್ತಿ ಬಟ್ಟೆಯನ್ನು ತೊರೆಯುವ ತತ್ತ್ವದ ಹಿರಿಮೆ ಆಕೆಗೆ ತಿಳಿಯದೆ ಹೋಗಲಿಲ್ಲ. ಆದರೆ ತಾಯಿಯ ಒಡೆದ ಕೈಗಳೂ ಆಕೆಯ ಕಣ್ಣಿಗೆ ಬಿದ್ದವು. ಹೇಗಾದರೂ ದುಡಿದು ತಾಯಿಗೆ ನೆಮ್ಮದಿಯ ಒಂದು ಕೋಣೆಯನ್ನು ಒದಗಿಸಬೇಕು, ಸಾಲವನ್ನೆಲ್ಲ ತೀರಿಸಬೇಕು ಎಂಬ ಹಟ ಆಗಿನಿಂದಲೇ ಆಕೆಯ ಮನಸ್ಸಿನಲ್ಲಿ ನೆಲೆಸಿತು.

ಇನ್ನೊಂದು ಸಂದರ್ಭವನ್ನು ಇಲ್ಲಿ ನೆನೆಯಬೇಕು. 1854ರ ಫೆಬ್ರವರಿಯ ಒಂದು ರಾತ್ರಿ ಬ್ರಾನ್ಸನ್ ಪಶ್ಚಿಮದ ಊರುಗಳಲ್ಲಿ ಉಪನ್ಯಾಸ ಪ್ರವಾಸ ಮುಗಿಸಿ, ಚಳಿಯಲ್ಲಿ ನಡುಗುತ್ತ ಮನೆಗೆ ಬಂದ. ಹೆಂಡತಿ ಮಕ್ಕಳು ಎದ್ದು ಬಂದು ಆತನನ್ನು ಸುತ್ತುವರಿದು ಉಪಚರಿಸಿದರು. ಕೇಳಬೇಕಾದ ಪ್ರಶ್ನೆಯನ್ನು ಕೇಳಲು ದೊಡ್ಡವರಾರಿಗೂ ಬಾಯಿ ಬರಲಿಲ್ಲ. ಜನ ಹಣ ಕೊಟ್ಟರೇ ಎಂದು ಚಿಕ್ಕವಳಾದ ಮೇ ಕೇಳಿಯೇಬಿಟ್ಟಳು. ಬ್ರಾನ್ಸನ್ ಚೀಲ ತೆರೆದು ತೋರಿಸಿದ. ಅದರಲ್ಲಿದ್ದುದು ಒಂದೇ ಒಂದು ಡಾಲರು. ಅಬಿಗೇಲ್ ಗೊಣಗಲಿಲ್ಲ, ಗಂಡನನ್ನು ಅಪ್ಪಿಕೊಂಡು ಸಂತೈಸಿದಳು. ಆ ದೃಶ್ಯವನ್ನು ಲೂಯಿಸಾ ತನ್ನ ದಿನಚರಿಯಲ್ಲಿ ಬರೆದಿಟ್ಟಳು.

ಆ ದಿನಚರಿಯದೊಂದು ವಿಶೇಷವುಂಟು. ಆಕೆ ಅದರಲ್ಲಿ ಮನಸ್ಸಿನ ಸುಖದುಃಖಗಳೊಂದಿಗೆ ತನ್ನ ಸಂಪಾದನೆಯ ಲೆಕ್ಕವನ್ನೂ ಬರೆದಿಡುತ್ತಿದ್ದಳು. ಪಾಠ ಹೇಳಿದ್ದಕ್ಕೆ ಇಷ್ಟು, ಹೊಲಿಗೆಗೆ ಇಷ್ಟು, ಕಥೆಗಳಿಗೆ ಇಷ್ಟು ಎಂದು ಬಿಡಿಬಿಡಿಯಾಗಿ ಗುರುತಿಸುವಳು. ಲೇಖಕರ ಜೀವನ ಚರಿತ್ರೆಗಳಲ್ಲಿ ಇಂತಹ ಲೆಕ್ಕ ದೊರೆಯುವುದು ವಿರಳ. ಹಣದ ಮಾತನ್ನು ಆಡುವುದು ಸಾಹಿತ್ಯಕ್ಕೆ ಕುಂದೆಂದು ಅನೇಕರು ತಿಳಿಯುತ್ತಾರೆ. ಲೂಯಿಸಾ ಹಾಗೆ ತಿಳಿಯಲಿಲ್ಲ. ಒಂದು ಕಥೆಯ ಬೆಲೆಯೆಂದರೆ ಆಕೆಗೆ ತಂಗಿಯ ಒಂದು ಜೊತೆ ಪಾದರಕ್ಷೆ, ತಾಯಿಯ ಒಂದು ಬೆಚ್ಚನೆಯ ಶಾಲು.

ಆ ಲೆಕ್ಕದಲ್ಲಿ ಕಥೆಯ ಹೆಸರಿನಲ್ಲಿ ಬಂದ ಮೊದಲ ಮೊತ್ತ 5 ಡಾಲರು. ಹದಿನಾರನೆಯ ವಯಸ್ಸಿನಲ್ಲಿ ಬರೆದಿಟ್ಟಿದ್ದ ಒಂದು ಕಥೆ 1852ರಲ್ಲಿ ಬಾಸ್ಟನ್ನಿನ ಪತ್ರಿಕೆಯೊಂದರಲ್ಲಿ ಅಚ್ಚಾಯಿತು. ಲೂಯಿಸಾ ಪತ್ರಿಕೆಯನ್ನು ಕೈಯಲ್ಲಿ ಹಿಡಿದು, ಬರೆದವರಾರೆಂದು ತಿಳಿಸದೆ, ಅಕ್ಕತಂಗಿಯರಿಗೆ ಅದನ್ನು ಓದಿ ಹೇಳಿದಳು. ಅವರು ಕಥೆಯನ್ನು ಮೆಚ್ಚಿ ಹೊಗಳಿದ ಮೇಲೆ ಲೇಖಕಿಯ ಹೆಸರನ್ನು ಗತ್ತಿನಿಂದ ಪ್ರಕಟಿಸಿದಳು. 1854ರ ಡಿಸೆಂಬರಿನಲ್ಲಿ ಆಕೆಯ ಮೊದಲ ಪುಸ್ತಕ ‘ಫ್ಲವರ್ ಫೇಬಲ್ಸ್’ ಹೊರಬಂದಿತು. ಎಮರ್ಸನ್ನನ ಮಗಳು ಎಲೆನ್‌ಗೆ ಹಿಂದೆ ಹೇಳಿದ್ದ ಹೂವು, ಯಕ್ಷಿಣಿಯರ ಕಥೆಗಳೇ ಅವು. 1600 ಪ್ರತಿಗಳು ಅಚ್ಚಾದವು. ಲೇಖಕಿಗೆ ದೊರೆತದ್ದು 32 ಡಾಲರು. ಕ್ರಿಸ್‌ಮಸ್ ದಿನ ಆಕೆ ಒಂದು ಪ್ರತಿಯನ್ನು ತಾಯಿಗೆ ಕಾಣಿಕೆಯಾಗಿ ಕೊಟ್ಟಳು. ಮೊದಲ ಪುಸ್ತಕದ ಸಂತೋಷವನ್ನು ಅಲ್ಲಗಳೆಯಲಾಗದು. ಆದರೆ 32 ಡಾಲರುಗಳಿಂದ ಆರು ಮಂದಿಯ ಸಂಸಾರ ಎಷ್ಟು ದಿನ ನಡೆದೀತು?

ಆದ್ದರಿಂದ ಸೂಜಿ ನೂಲು ಮತ್ತೆ ಕೈಗೆ ಬಂದವು. ಲೂಯಿಸಾ ಬಾಸ್ಟನ್ನಿನಲ್ಲಿ ಬಾಡಿಗೆಯ ಕೋಣೆ ಹಿಡಿದು, ಹಗಲೆಲ್ಲ ಪಾಠ ಹೇಳಿ ಬಟ್ಟೆ ಹೊಲಿದು, ರಾತ್ರಿ ಬರೆಯತೊಡಗಿದಳು. ಹೊಲಿಯುವಾಗ ಕೈಗೆ ಕೆಲಸ, ತಲೆಗೆ ಬಿಡುವು. ಆ ಬಿಡುವಿನಲ್ಲಿ ಕಥೆ ಹೆಣೆದಿಟ್ಟುಕೊಂಡು ಆಮೇಲೆ ಕಾಗದಕ್ಕೆ ಇಳಿಸುವುದು ಆಕೆಗೆ ರೂಢಿಯಾಯಿತು. ಇಷ್ಟರಲ್ಲಿ ಮನೆಗೆ ದುಃಖವೂ ಬಂದಿತು. ಬಡವರ ಮಕ್ಕಳನ್ನು ಉಪಚರಿಸಲು ಹೋದ ತಾಯಿಯ ಮೂಲಕ ಮನೆ ಹೊಕ್ಕ ಸೋಂಕುಜ್ವರದಿಂದ ತಂಗಿ ಎಲಿಜಬೆತ್ ಬಳಲಿ ಬಳಲಿ 1858ರ ಮಾರ್ಚಿಯಲ್ಲಿ ತೀರಿಕೊಂಡಳು. ಅದೇ ವರ್ಷ ಸಂಸಾರ ಕಾಂಕರ್ಡಿನ ಆರ್ಚರ್ಡ್ ಹೌಸ್ ಎಂಬ ಮನೆಗೆ ಬಂದು ನೆಲೆಸಿತು. ಅಲ್ಲಿಯ ಮಹಡಿಯ ಕೋಣೆಯಲ್ಲಿ, ಎರಡು ಕಿಟಕಿಗಳ ನಡುವೆ, ಬ್ರಾನ್ಸನ್ ಮಗಳಿಗಾಗಿ ಅರ್ಧಚಂದ್ರಾಕಾರದ ಚಿಕ್ಕ ಹಲಗೆಯೊಂದನ್ನು ಗೋಡೆಗೆ ಬಡಿದು ಮೇಜು ಮಾಡಿಕೊಟ್ಟ. ಹಣವನ್ನು ತರಲಾರದ ತಂದೆ ತನ್ನ ಕೈಯಿಂದ ಆಗುವುದನ್ನು ಮಾಡಿಕೊಟ್ಟನೆನ್ನಬೇಕು.

ಎಲ್ಲರೂ ಆಕೆಯ ಬರವಣಿಗೆಯನ್ನು ನಂಬಲಿಲ್ಲ. ಡೆಡಮ್ಮಿನ ಅನುಭವವನ್ನೇ ಕುರಿತು ಬರೆದ ಲೇಖನವೊಂದು ಬಾಸ್ಟನ್ನಿನ ಪ್ರಸಿದ್ಧ ಪ್ರಕಾಶಕ ಜೇಮ್ಸ್ ಫೀಲ್ಡ್ಸ್ ಬಳಿಗೆ ಹೋದಾಗ, ಈಕೆಗೆ ಬರೆಯಲು ಬಾರದು, ಪಾಠ ಹೇಳುವ ಕೆಲಸದಲ್ಲಿಯೇ ಇರುವುದು ಮೇಲು ಎಂಬ ತೀರ್ಪು ಬಂದಿತು. 1862ರಲ್ಲಿ ಶಿಶುವಿಹಾರವೊಂದನ್ನು ತೆರೆಯಲು ಅದೇ ಫೀಲ್ಡ್ಸ್ ಆಕೆಗೆ 40 ಡಾಲರು ಸಾಲ ಕೊಟ್ಟ. ಆತನ ಮನಸ್ಸಿನಲ್ಲಿ ಕೇಡಿರಲಿಲ್ಲ. ಶಿಶುವಿಹಾರ ಕೆಲವೇ ತಿಂಗಳು ನಡೆದು ನಿಂತಿತು. ಲೂಯಿಸಾ ಆ 40 ಡಾಲರನ್ನು ಮರೆಯಲಿಲ್ಲ.

ಆಗಿನ ಅಮೆರಿಕದಲ್ಲಿ ರೋಮಾಂಚಕಾರಿ ಕಥೆಗಳನ್ನು ಅಚ್ಚುಮಾಡುವ ವಾರಪತ್ರಿಕೆಗಳು ಬಹಳವಾಗಿದ್ದವು. ಸೇಡು, ವಂಚನೆ, ಮಾರುವೇಷ, ವಿಷಪ್ರಯೋಗ, ಇವೇ ಅವುಗಳ ಸರಕು. ಒಂದು ಪತ್ರಿಕೆ ಏರ್ಪಡಿಸಿದ ಸ್ಪರ್ಧೆಯಲ್ಲಿ ಲೂಯಿಸಾ ತನ್ನ ಹೆಸರನ್ನು ಪ್ರಕಟಿಸದೆ 100 ಡಾಲರುಗಳ ಬಹುಮಾನವನ್ನು ಗೆದ್ದಳು. ಅಲ್ಲಿಂದ ಮುಂದೆ ಎ. ಎಂ. ಬರ್ನಾರ್ಡ್ ಎಂಬ ಹುಸಿ ಹೆಸರನ್ನು ಧರಿಸಿ ಅಂತಹ ಕಥೆಗಳನ್ನು ಬರೆದು ಮಾರುತ್ತ ಹೋದಳು. ಎಮರ್ಸನ್ನನ ನೆರೆಯಲ್ಲಿ ಬೆಳೆದ ಗಂಭೀರ ಮನೆತನದ ಹುಡುಗಿ ಇಂತಹವನ್ನು ಬರೆಯುತ್ತಾಳೆಂದು ತಿಳಿದರೆ ಊರಿನವರು ಏನೆಂದುಕೊಂಡಾರೆಂಬ ಅಳುಕು ಆಕೆಗಿತ್ತು. ಬರೆಯುವಾಗ ಒಳಗೊಳಗೇ ಒಂದು ಉಲ್ಲಾಸವೂ ಇತ್ತೆಂದು ತೋರುತ್ತದೆ. ಈ ಗುಟ್ಟು ಆಕೆಯ ಕಾಲಾನಂತರವೂ ಬಹುಕಾಲ ಉಳಿಯಿತು. ಲಿಯೋನಾ ರಾಸ್ಟೆನ್‌ಬರ್ಗ್ ಮತ್ತು ಮ್ಯಾಡಲೀನ್ ಸ್ಟರ್ನ್ ಎಂಬ ಇಬ್ಬರು ವಿದುಷಿಯರು ಪ್ರಕಾಶಕರ ಹಳೆಯ ಪತ್ರಗಳನ್ನು ಶೋಧಿಸಿದ ಫಲವಾಗಿ, 1943ರಲ್ಲಿ ಬರ್ನಾರ್ಡ್ ಯಾರೆಂಬುದು ಹೊರಬಿದ್ದಿತು.

1862ರ ಕೊನೆಯ ಹೊತ್ತಿಗೆ ಅಮೆರಿಕದಲ್ಲಿ ಅಂತರ್ಯುದ್ಧ ಭೀಕರವಾಗಿ ನಡೆದಿತ್ತು. ಗುಲಾಮಗಿರಿಯನ್ನು ಮನಸಾರೆ ವಿರೋಧಿಸುತ್ತಿದ್ದ ಲೂಯಿಸಾ ವಾಷಿಂಗ್ಟನ್ನಿಗೆ ಹೋಗಿ, ಅಲ್ಲಿಯ ಜಾರ್ಜ್‌ಟೌನಿನಲ್ಲಿ ಹೋಟೆಲೊಂದನ್ನು ಮಾರ್ಪಡಿಸಿ ಮಾಡಿದ್ದ ಸೈನಿಕ ಆಸ್ಪತ್ರೆಯಲ್ಲಿ ದಾದಿಯಾಗಿ ಸೇರಿದಳು. ಕೈಕಾಲು ಕಳೆದುಕೊಂಡ ಸಿಪಾಯಿಗಳ ಗಾಯ ತೊಳೆಯುವುದು, ಸಾಯುತ್ತಿರುವವರ ಪರವಾಗಿ ಅವರ ಮನೆಗೆ ಕಾಗದ ಬರೆಯುವುದು ಆಕೆಯ ನಿತ್ಯದ ಕೆಲಸವಾಯಿತು. ಆರು ವಾರ ತುಂಬುವುದರೊಳಗೆ ವಿಷಮಶೀತ ಜ್ವರ ತಗುಲಿತು. ವೈದ್ಯರು ಅಂದಿನ ಪದ್ಧತಿಯಂತೆ ಪಾದರಸ ಬೆರೆತ ಔಷಧವನ್ನು ಕೊಟ್ಟರು. ತಂದೆ ಬಂದು ಮಗಳನ್ನು ಮನೆಗೆ ಕರೆದೊಯ್ದ. ವಾರಗಟ್ಟಲೆ ಆಕೆಗೆ ಎಚ್ಚರವಿರಲಿಲ್ಲ. ನೀಳವಾದ ಕೂದಲನ್ನು ಕತ್ತರಿಸಬೇಕಾಯಿತು. ಜೀವ ಉಳಿಯಿತು, ಮೊದಲಿನ ಆರೋಗ್ಯ ಮರಳಲಿಲ್ಲ.

ಚೇತರಿಸಿಕೊಂಡ ಬಳಿಕ, ಆಸ್ಪತ್ರೆಯಿಂದ ಮನೆಗೆ ಬರೆದಿದ್ದ ಕಾಗದಗಳನ್ನೇ ತಿದ್ದಿ ಆಕೆ ‘ಹಾಸ್ಪಿಟಲ್ ಸ್ಕೆಚಸ್’ ಎಂಬ ಕೃತಿಯನ್ನು ಸಿದ್ಧಪಡಿಸಿದಳು. 1863ರಲ್ಲಿ ಅದು ಮೊದಲು ಪತ್ರಿಕೆಯಲ್ಲಿ, ಅನಂತರ ಪುಸ್ತಕರೂಪದಲ್ಲಿ ಬಂದಿತು. ಜನ ಆಸಕ್ತಿಯಿಂದ ಓದಿದರು. ಕಲ್ಪನೆಯ ಅರಮನೆಗಳನ್ನು ಬಿಟ್ಟು ಕಂಡದ್ದನ್ನು ಕಂಡಂತೆ, ನಡುನಡುವೆ ನಗೆಯನ್ನು ಬೆರೆಸಿ ಬರೆದುದೇ ಈ ಕೃತಿಯ ಹೆಚ್ಚಳ. ಆಕೆಯ ನಿಜವಾದ ಧ್ವನಿ ಮೊದಲು ಕೇಳಿಬಂದುದು ಇದರಲ್ಲಿ. ಆದರೆ ಆ ದಾರಿ ತನ್ನದೆಂದು ಗುರುತಿಸಲು ಆಕೆಗೇ ಇನ್ನೈದು ವರ್ಷ ಬೇಕಾಯಿತು. ಬಹಳ ಆಸೆಯಿಂದ ಬರೆದ ‘ಮೂಡ್ಸ್’ ಎಂಬ ಕಾದಂಬರಿಯನ್ನು ಪ್ರಕಾಶಕನ ಒತ್ತಾಯಕ್ಕಾಗಿ ಹತ್ತು ಅಧ್ಯಾಯಗಳಷ್ಟು ಮೊಟಕುಗೊಳಿಸಬೇಕಾಯಿತು. ಕತ್ತರಿಸಿದ ಕೃತಿ ಆಕೆಗೂ ತೃಪ್ತಿ ಕೊಡಲಿಲ್ಲ. ಅನಂತರ ರೋಗಿಯೊಬ್ಬಳ ಜೊತೆಗಾತಿಯಾಗಿ ಒಂದು ವರ್ಷ ಯೂರೋಪು ಸುತ್ತಿ 1866ರಲ್ಲಿ ಹಿಂದಿರುಗಿದಾಗ ಮನೆಯಲ್ಲಿ ಸಾಲ ಬೆಳೆದು ಕುಳಿತಿತ್ತು.

1867ರ ಸೆಪ್ಟೆಂಬರಿನಲ್ಲಿ ರಾಬರ್ಟ್ಸ್ ಬ್ರದರ್ಸ್ ಎಂಬ ಪ್ರಕಾಶನ ಸಂಸ್ಥೆಯ ಥಾಮಸ್ ನೈಲ್ಸ್, ಹುಡುಗಿಯರು ಓದಬಹುದಾದ ಒಂದು ಕಥೆಯನ್ನು ಬರೆದುಕೊಡಲು ಆಕೆಯನ್ನು ಕೇಳಿದ. ಲೂಯಿಸಾಳಿಗೆ ಇದು ರುಚಿಸಲಿಲ್ಲ. ಆಕೆ ಬಾಲ್ಯದಿಂದಲೂ ಓಡುವುದರಲ್ಲಿ, ಮರ ಹತ್ತುವುದರಲ್ಲಿ ಹುಡುಗರಿಗೆ ಸಮನಾಗಿದ್ದವಳು. ಸೋದರಿಯರ ಹೊರತು ಬೇರೆ ಹುಡುಗಿಯರ ಸ್ವಭಾವ ತನಗೆ ತಿಳಿಯದೆಂದೇ ಎಣಿಸಿದ್ದಳು. ಅದೇ ಸಮಯದಲ್ಲಿ ಮಕ್ಕಳ ಮಾಸಪತ್ರಿಕೆಯೊಂದರ ಸಂಪಾದಕಿಯ ಕೆಲಸ ವರ್ಷಕ್ಕೆ 500 ಡಾಲರು ಸಂಬಳದ ಮೇಲೆ ದೊರೆಯಿತು. ನಿಶ್ಚಿತವಾದ ಸಂಬಳವನ್ನು ಬಿಡುವವರುಂಟೆ? ಕಥೆ ಹಿಂದೆ ಬಿದ್ದಿತು. ನೈಲ್ಸ್ ಮಾತ್ರ ಬಿಡಲಿಲ್ಲ. ಬ್ರಾನ್ಸನ್ನನ ತತ್ತ್ವಗ್ರಂಥವೊಂದರ ಹಸ್ತಪ್ರತಿಯೂ ಆಗ ಆತನ ಕೈಯಲ್ಲಿತ್ತು. ಮಗಳು ಕಥೆ ಬರೆದರೆ ತಂದೆಯ ಗ್ರಂಥಕ್ಕೂ ದಾರಿಯಾಗುವುದೆಂಬ ಮಾತು ಬಂದಿತು. 1868ರ ಮೇ ತಿಂಗಳಿನಲ್ಲಿ, ಮನಸ್ಸಿಲ್ಲದ ಮನಸ್ಸಿನಿಂದ, ಲೂಯಿಸಾ ಅರ್ಧಚಂದ್ರದ ಆ ಮೇಜಿನ ಮುಂದೆ ಕುಳಿತಳು.

ಏನನ್ನು ಬರೆಯುವುದು? ತಿಳಿದಿದ್ದುದು ಒಂದೇ ಮನೆ. ಆ ಮನೆಯನ್ನೇ ಬರೆದಳು. ಆನಾ ಮೆಗ್ ಆದಳು, ಎಲಿಜಬೆತ್ ಬೆತ್ ಆದಳು, ಮೇ ಏಮಿಯಾದಳು, ಶಾಯಿ ಮೆತ್ತಿದ ಬೆರಳುಗಳ ಒರಟು ಹುಡುಗಿ ಜೋ ತಾನೇ ಆದಳು. ಕಾಣಿಕೆಯಿಲ್ಲದ ಕ್ರಿಸ್‌ಮಸ್ಸು, ಸುಟ್ಟ ಲಂಗ, ಅಟ್ಟದ ಮೇಲಿನ ನಾಟಕ ಎಲ್ಲವೂ ಕಥೆಯೊಳಗೆ ಬಂದವು. ಮೊದಲ ಹನ್ನೆರಡು ಅಧ್ಯಾಯಗಳನ್ನು ಓದಿದ ನೈಲ್ಸ್‌ಗೆ ಅವು ನೀರಸವೆನಿಸಿದವು. ವಿಚಿತ್ರವೆಂದರೆ, ಬರೆದವಳ ಅಭಿಪ್ರಾಯವೂ ಅದೇ ಆಗಿತ್ತು. ಆದರೆ ನೈಲ್ಸ್‌ನ ಸೋದರ ಸಂಬಂಧಿಯಾದ ಬಾಲಕಿಯೊಬ್ಬಳ ಕೈಗೆ ಹಸ್ತಪ್ರತಿ ಸಿಕ್ಕಾಗ ಅವಳು ಅದನ್ನು ಕೆಳಗಿಡಲೊಲ್ಲದೆ ಓದಿದಳು. ಪುಸ್ತಕ ಯಾರಿಗಾಗಿಯೋ ಅವರ ತೀರ್ಪೇ ಪ್ರಮಾಣವೆಂದು ನೈಲ್ಸ್ ಒಪ್ಪಿಕೊಂಡ. ಜುಲೈ ನಡುವಿನ ಹೊತ್ತಿಗೆ 400ಕ್ಕೂ ಮಿಕ್ಕ ಪುಟಗಳ ಹಸ್ತಪ್ರತಿ ಮುಗಿಯಿತು.

ಆಗ ಹಣದ ಪ್ರಶ್ನೆ ಬಂದಿತು. ಅಂದಿನ ಲೇಖಕರ ಮುಂದೆ ಎರಡು ದಾರಿಗಳಿದ್ದವು. ಕೃತಿಯ ಹಕ್ಕನ್ನು ಒಂದು ಗೊತ್ತಾದ ಮೊತ್ತಕ್ಕೆ ಪ್ರಕಾಶಕನಿಗೆ ಮಾರಿಬಿಡುವುದು ಒಂದು. ಹಕ್ಕನ್ನು ತಾನೇ ಇಟ್ಟುಕೊಂಡು, ಮಾರಾಟವಾದ ಪ್ರತಿಯೊಂದು ಪುಸ್ತಕದ ಮೇಲೆ ಒಂದು ಪಾಲನ್ನು ಪಡೆಯುವುದು ಇನ್ನೊಂದು. ಕೈಯಲ್ಲಿ ಕಾಸಿಲ್ಲದ ಲೇಖಕನಿಗೆ ಮೊದಲನೆಯದೇ ಆಕರ್ಷಕ. ಹಣ ಕೂಡಲೇ ಕೈಸೇರುತ್ತದೆ, ಪುಸ್ತಕ ಸೋತರೂ ನಷ್ಟ ತನಗಿಲ್ಲ. ಆದರೆ ಪುಸ್ತಕ ಗೆದ್ದರೆ ಲಾಭವೆಲ್ಲ ಪ್ರಕಾಶಕನದು. ಕೊಳ್ಳಲು ಮುಂದಾದ ನೈಲ್ಸ್ ತಾನೇ, ಹಕ್ಕನ್ನು ಮಾರಬೇಡವೆಂದು ಲೂಯಿಸಾಳಿಗೆ ಬುದ್ಧಿ ಹೇಳಿದ. ತನ್ನ ನಷ್ಟವನ್ನು ತಾನೇ ಬೇಡಿಕೊಂಡ ಇಂತಹ ವ್ಯಾಪಾರಿಗಳು ಎಲ್ಲ ಕಾಲದಲ್ಲಿಯೂ ಅಪರೂಪ. ಮನೆಯಲ್ಲಿ ಸಾಲಗಾರರ ಕಾಟವಿದ್ದರೂ ಲೂಯಿಸಾ ಆ ಮಾತನ್ನು ಕೇಳಿದಳು. ಶೇಕಡ ಆರಕ್ಕಿಂತ ತುಸು ಹೆಚ್ಚಿನ ಪಾಲು ಆಕೆಗೆಂದು ಗೊತ್ತಾಯಿತು.

1868ರ ಸೆಪ್ಟೆಂಬರ್ ಕೊನೆಗೆ ‘ಲಿಟಲ್ ವಿಮೆನ್’ ತಂಗಿ ಮೇ ಬರೆದ ಚಿತ್ರಗಳೊಡನೆ ಹೊರಬಂದಿತು. ಅಚ್ಚಾದ 2000 ಪ್ರತಿಗಳು ಕೆಲವೇ ವಾರಗಳಲ್ಲಿ ಖರ್ಚಾದವು. ಮತ್ತೆ ಅಚ್ಚು, ಮತ್ತೆ ಬೇಡಿಕೆ. ಎರಡನೆಯ ಭಾಗಕ್ಕಾಗಿ ಒತ್ತಾಯ ಬಂದಿತು. ನವೆಂಬರ್ ಒಂದರಂದು ಪ್ರಾರಂಭಿಸಿ, ದಿನಕ್ಕೊಂದು ಅಧ್ಯಾಯದಂತೆ ಬರೆಯುವ ಸಂಕಲ್ಪ ಮಾಡಿ, ಹೊಸ ವರ್ಷದ ದಿನ ಅದನ್ನೂ ಮುಗಿಸಿದಳು. ಜೋ ನೆರೆಮನೆಯ ಲಾರಿಯನ್ನು ಮದುವೆಯಾಗಬೇಕೆಂದು ಎಳೆಯ ಓದುಗರು ಕಾಗದಗಳನ್ನು ಬರೆದರು. ಹುಡುಗಿಯ ಬಾಳಿಗೆ ಮದುವೆಯೊಂದೇ ಗುರಿಯೆಂಬಂತೆ ಕೇಳುವುದು ಲೂಯಿಸಾಳಿಗೆ ಸರಿಬೀಳಲಿಲ್ಲ. ತನ್ನಂತೆ ಜೋಳನ್ನೂ ಅವಿವಾಹಿತೆಯಾಗಿ ಉಳಿಸುವ ಇಚ್ಛೆ ಆಕೆಗಿತ್ತು. ಕೊನೆಗೆ ಓದುಗರಿಗೆ ಅರ್ಧ ಮಣಿದು, ಅರ್ಧ ತುಂಟತನದಿಂದ, ವಯಸ್ಸಾದ ಬಡ ಪ್ರಾಧ್ಯಾಪಕನೊಬ್ಬನನ್ನು ತಂದು ಜೋಳಿಗೆ ಮದುವೆ ಮಾಡಿಸಿದಳು.

1869ರ ಜನವರಿಯಲ್ಲಿ ದಿನಚರಿಯ ಲೆಕ್ಕದ ಪುಟಕ್ಕೆ ಬಹುಕಾಲ ಕಾದಿದ್ದ ವಾಕ್ಯ ಬಂದಿತು: ಸಾಲಗಳೆಲ್ಲ ತೀರಿದವು. ತಂದೆಯ ಮುಚ್ಚಿದ ಶಾಲೆಯ ಕಾಲದಿಂದ ಸಂಸಾರವನ್ನು ಕಾಡಿದ ಸಾಲವನ್ನು, ಕೇಳುವವರು ಮರೆತಿದ್ದುದನ್ನೂ ಬಿಡದೆ, ಆಕೆ ಸಲ್ಲಿಸಿದಳು. ಜೇಮ್ಸ್ ಫೀಲ್ಡ್ಸ್ ಕೊಟ್ಟಿದ್ದ 40 ಡಾಲರು ಕೂಡ ಆತನಿಗೆ ಹಿಂದಿರುಗಿ ಹೋಯಿತು. ಪಾಠ ಹೇಳುವುದಕ್ಕಿಂತ ಕಥೆ ಬರೆಯುವುದೇ ತನಗೆ ಲಾಭದಾಯಕವಾಗಿ ಕಂಡಿತೆಂಬ ವಿನಯಪೂರ್ವಕ ವಿವರಣೆಯೂ ಅದರೊಡನೆ ಹೋಯಿತು.

ಅಲ್ಲಿಂದ ಮುಂದೆ ಪುಸ್ತಕಗಳು ಒಂದರ ಹಿಂದೊಂದು ಬಂದವು, ಹಣವೂ ಬಂದಿತು. ಅಬಿಗೇಲಳಿಗೆ ಕೊನೆಗಾಲದಲ್ಲಿ ಬೆಚ್ಚನೆಯ ಕೋಣೆ ಸಿಕ್ಕಿತು. ಮೇ ಯೂರೋಪಿನಲ್ಲಿ ಚಿತ್ರಕಲೆ ಕಲಿತಳು. ಆಕೆಯ ಚಿತ್ರವೊಂದು 1877ರಲ್ಲಿ ಪ್ಯಾರಿಸ್ಸಿನ ಪ್ರಸಿದ್ಧ ಪ್ರದರ್ಶನದಲ್ಲಿ ಸ್ಥಾನ ಪಡೆಯಿತು. 1870ರಲ್ಲಿ ಅಕ್ಕನ ಗಂಡ ತೀರಿಕೊಂಡ ಸುದ್ದಿ ರೋಮಿನಲ್ಲಿದ್ದ ಲೂಯಿಸಾಳಿಗೆ ತಲಪಿದಾಗ, ತಂದೆಯಿಲ್ಲದ ಆ ಇಬ್ಬರು ಹುಡುಗರಿಗೆ ಆಸರೆಯಾಗಲೆಂದು ಕೂಡಲೇ ಕುಳಿತು ‘ಲಿಟಲ್ ಮೆನ್’ ಬರೆದಳು. ದುಃಖ ಬಂದಾಗಲೂ ಆಕೆಗೆ ತಿಳಿದ ದಾರಿ ಅದೊಂದೇ. ಬರೆದು ಬರೆದು ಬಲಗೈಯ ಹೆಬ್ಬೆರಳು ಮರಗಟ್ಟಿತು. ಎಡಗೈಯಿಂದ ಬರೆಯುವುದನ್ನು ಅಭ್ಯಾಸ ಮಾಡಿಕೊಂಡಳು. ಹುಡುಗಿಯರಿಗಾಗಿ ಬರೆಯುವ ಕಥೆಗಳ ಬಗೆಗೆ ಆಕೆಗೆ ಆಗಾಗ ಬೇಸರವೂ ಬರುತ್ತಿತ್ತು. ಬೇರೆ ಬಗೆಯ ಬರೆಹಕ್ಕೆ ಮನಸ್ಸು ಹಾತೊರೆದರೂ ಓದುಗರು ಕೇಳುತ್ತಿದ್ದುದು ಇದನ್ನೇ, ಮನೆ ನಡೆಯುತ್ತಿದ್ದುದೂ ಇದರಿಂದಲೇ.

1879ರ ಕೊನೆಯಲ್ಲಿ ಮೇ ಹೆಣ್ಣು ಶಿಶುವಿಗೆ ಜನ್ಮವಿತ್ತು ಕೆಲವು ವಾರಗಳಲ್ಲಿ ಪ್ಯಾರಿಸ್ ಬಳಿ ತೀರಿಕೊಂಡಳು. ಆಕೆಯ ಇಚ್ಛೆಯಂತೆ ಮಗು ಸಾಗರವನ್ನು ದಾಟಿ ಲೂಯಿಸಾಳ ಮಡಿಲಿಗೆ ಬಂದಿತು. ಮಗುವಿಗೆ ದೊಡ್ಡಮ್ಮನ ಹೆಸರನ್ನೇ ಇಡಲಾಗಿತ್ತು.

ಆರೋಗ್ಯ ಕುಂದುತ್ತ ಬಂದಂತೆ ಲೂಯಿಸಾ ತನ್ನ ಪುಸ್ತಕಗಳ ಮುಂದಿನ ವ್ಯವಸ್ಥೆಯನ್ನು ಯೋಚಿಸತೊಡಗಿದಳು. ಅಂದಿನ ಅಮೆರಿಕದ ಕಾಯಿದೆಯ ಪ್ರಕಾರ ಗ್ರಂಥಸ್ವಾಮ್ಯವು 28 ವರ್ಷ ನಡೆಯುತ್ತಿತ್ತು. ಆಮೇಲೆ ಅದನ್ನು ಇನ್ನು 14 ವರ್ಷಗಳಿಗೆ ನವೀಕರಿಸಬಹುದಾಗಿತ್ತು. ಆದರೆ ಲೇಖಕರು ಬದುಕಿಲ್ಲದಿದ್ದಲ್ಲಿ ಆ ಅಧಿಕಾರ ಅವರ ಪತ್ನಿಗೆ ಅಥವಾ ಮಕ್ಕಳಿಗೆ ಮಾತ್ರ. ಲೂಯಿಸಾಳಿಗೆ ಮಕ್ಕಳಿರಲಿಲ್ಲ. ಆದುದರಿಂದ 1887ರಲ್ಲಿ ಆಕೆ, ಆಗಲೇ ಪ್ರಾಪ್ತವಯಸ್ಕನಾಗಿದ್ದ ಅಕ್ಕನ ಮಗ ಜಾನ್‌ನನ್ನು ಕಾನೂನಿನ ಪ್ರಕಾರ ದತ್ತು ತೆಗೆದುಕೊಂಡಳು. ಪುಸ್ತಕಗಳಿಂದ ಬರುವ ಹಣ ಅಕ್ಕನಿಗೂ ಆಕೆಯ ಇಬ್ಬರು ಮಕ್ಕಳಿಗೂ ತಂಗಿಯ ಮಗುವಿಗೂ ಸಲ್ಲುವಂತೆ ಏರ್ಪಾಡು ಮಾಡಿದಳು.

1888ರ ಮಾರ್ಚ್ 4ರಂದು ವೃದ್ಧ ಬ್ರಾನ್ಸನ್ ಬಾಸ್ಟನ್ನಿನಲ್ಲಿ ತೀರಿಕೊಂಡ. ಆ ಸುದ್ದಿಯನ್ನು ತಿಳಿಯುವ ಸ್ಥಿತಿಯಲ್ಲಿ ಮಗಳಿರಲಿಲ್ಲ. ಎರಡು ದಿನಗಳ ಬಳಿಕ, ಮಾರ್ಚ್ 6ರಂದು, ಲೂಯಿಸಾಳೂ ಕಣ್ಮುಚ್ಚಿದಳು. ಆಕೆಗೆ ಆಗ 55 ವರ್ಷ. ಇಬ್ಬರ ಸಮಾಧಿಗಳೂ ಕಾಂಕರ್ಡಿನ ರುದ್ರಭೂಮಿಯಲ್ಲಿ, ಎಮರ್ಸನ್ ಮತ್ತು ಥೋರೋ ಅವರ ಸಮಾಧಿಗಳ ಸಮೀಪದಲ್ಲಿವೆ. 1896ರಲ್ಲಿ ‘ಲಿಟಲ್ ವಿಮೆನ್’ ಕೃತಿಯ 28 ವರ್ಷಗಳ ಅವಧಿ ಮುಗಿದಾಗ, ಅದರ ಹಕ್ಕನ್ನು ಜಾನ್ ಆಲ್ಕಾಟ್ ತನ್ನ ಹೆಸರಿನಲ್ಲಿ ನವೀಕರಿಸಿದ.